ಸಹಿ ಒಂದೇ ಬಾಕಿ

ಬಾಗಿಲ ಕೆಳಗಿನ ಸಂದಿನಲ್ಲಿ ಎರಡು ಚಪ್ಪಲಿ, ನಿರ್ದೇಶಕರದ್ದೇ, ಎಡಗಾಲಿನದು ನೆಲ ತಟ್ಟುತ್ತಿದೆ, ಬೈಯುವ ಮನುಷ್ಯನಲ್ಲ, ಬೈದಿದ್ದರೆ ತಿರುಗಿ ಬೈದಾದರೂ ಹಗುರಾಗಬಹುದಿತ್ತು — ಮೇಡಂ, ಊಟದ ಹೊತ್ತಿಗೆ ಕೊನೇ ಸೀನು ಸಿಗುತ್ತಲ್ಲ, ಎಂದು ಬೆಳಿಗ್ಗೆ ಒಂದೇ ಸಲ ಕೇಳಿದ್ದರು, ಸಿಗುತ್ತೆ ಸಾರ್ ಅಂದಿದ್ದಳು ಇವಳು, ಎಷ್ಟು ಸಲೀಸಾಗಿ ಅಂದುಬಿಟ್ಟಳು, ಹನ್ನೊಂದು ದಿನದಿಂದ ಒಂದು ಸಾಲು ಹುಟ್ಟಿಲ್ಲ, ಚಿತ್ರ ಬಿಡಿಸಲಾಗದೆ ಒದ್ದಾಡುವ ಚಿತ್ರಗಾರನ ಕಥೆ, ನಗಿಸುವ ಸಿನಿಮಾ, ಬರೆಯುವವಳಿಗೇ ನಗು ಬತ್ತಿದೆ, ನಗು ಅಂದರೆ ತಂಗಿಯದು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ನಗುತ್ತಿದ್ದಳು, ನುಂಗಿಬಿಟ್ಟೀಯೆ ಎಂದು ಅಮ್ಮ ಗದರುತ್ತಿದ್ದಳು, ತಂಗಿಯ ಟೈಲರ್ ಅಂಗಡಿಯ ಸ್ಟೂಲಿನ ಮೇಲೆ ಕೂತು ಅವಳ ಮಾತನ್ನೆಲ್ಲ ನೋಟ್‌ಬುಕ್ಕಿಗೆ ಇಳಿಸಿಕೊಂಡದ್ದು, ತಿಂಗಳಿಗೊಮ್ಮೆ ಪ್ಯಾಂಟ್ ಸಡಿಲ ಮಾಡಿಸಲು ಬಂದು ಬಟ್ಟೆ ಕುಗ್ಗಿದೆ ಎನ್ನುವ ಮೇಷ್ಟ್ರು — ತಂಗಿ ಅವರ ಹಾಗೇ ಉಸಿರು ಬಿಗಿಹಿಡಿದು ನಡೆದು ತೋರಿಸಿದ್ದು, ಇವಳ ಮೊದಲ ಸಿನಿಮಾದಲ್ಲಿ ಅದು ಹಾಗೇ ಇದೆ, ಜನ ಬಿದ್ದು ಬಿದ್ದು ನಕ್ಕರು, ಆ ಥಿಯೇಟರು — ಬೇಡ, ಈಗ ಬೇಡ, ಸೀನು ಯೋಚಿಸಬೇಕು, ಫೋನ್ ಯಾವಾಗ ಕೈಗೆ ಬಂತೋ, ಏನಕ್ಕಾ, ಎರಡು ವರ್ಷ ಆದ್ಮೇಲೆ ನೆನಪಾಯ್ತಾ, ಆ ಕಡೆ ತಂಗಿಯ ಹೊಲಿಗೆ ಯಂತ್ರದ ಸದ್ದು ನಿಲ್ಲುತ್ತದೆ, ನಗು ಬರ್ತಿಲ್ಲ ಕಣೇ, ಯಾರಿಗೆ, ನಿಂಗಾ, ನಂಗೂ, ನನ್ನ ಚಿತ್ರಗಾರನಿಗೂ, ಒಂದು ಗೆರೆನೂ ಎಳೆದಿಲ್ಲ ಅವನು, ಚಿತ್ರ ಬೇಕು ಅಂದವರು ಬಂದು ನಿಂತಿದ್ದಾರೆ, ಅಷ್ಟೇನಾ, ನಾನು ದಿನಾ ಮಾಡೋದೇ ಅದು, ಬಟ್ಟೆ ಕತ್ತರಿಸೇ ಇರಲ್ಲ, ಗುಂಡಿ ಒಂದೇ ಬಾಕಿ ಸಾರ್ ಅಂತೀನಿ, ಅವನೂ ಅನ್ಲಿ, ಸಹಿ ಒಂದೇ ಬಾಕಿ ಅಂತ, ಅವರು ಕ್ಯಾನ್ವಾಸಿನ ಮುಸುಕು ತೆಗೆದು ನೋಡಿಬಿಟ್ರೆ, ನೋಡ್ಲಿ ಬಿಡು, ಖಾಲಿ ಕ್ಯಾನ್ವಾಸಿನ ಮುಂದೆ ತಲೆ ಆಡಿಸಿ, ಬಹಳ ಚೆನ್ನಾಗಿದೆ, ಸಹಿ ಸ್ವಲ್ಪ ದೊಡ್ಡದಾಗಿ ಹಾಕಿ ಅನ್ಲಿ.

ಇವಳು ಹೊಟ್ಟೆ ಹಿಡಿದುಕೊಂಡು ನಕ್ಕಳು, ಹೊರಗೆ ಚಪ್ಪಲಿಗಳು ಬೆಚ್ಚಿ ಹಿಂದೆ ಸರಿದವು, ಬರ್ಕೊಂಡ್ಯಾ, ಇಡ್ತೀನಿ, ಗಿರಾಕಿ ಬಂದ್ರು, ಈ ಸಲ ನಿನ್ನ ಹೆಸರು ಹಾಕಿಸ್ತೀನಿ ಕಣೇ ಎನ್ನುವಷ್ಟರಲ್ಲಿ ಫೋನ್ ಇಟ್ಟಾಗಿತ್ತು, ಬೆರಳು ಓಡಿತು, ನಾಲ್ಕು ಪುಟ ಒಂದೇ ಉಸಿರಿಗೆ, ಇನ್ನು ಮೊದಲ ಪುಟ, ಕಥೆ, ಸಂಭಾಷಣೆ ಎಂಬುದರ ಮುಂದೆ ತನ್ನ ಹೆಸರು ಆಗಲೇ ಹಾಯಾಗಿ ಕೂತಿದೆ, ಯಾರು ಮೇಡಂ ಈ ಟೈಲರ್ ಎಂದು ಕೇಳಿಯಾರು, ಕೇಳಲಿ, ಮೊದಲ ಸಿನಿಮಾದಲ್ಲೇ ನಿರ್ಮಾಪಕರ ಮುಂದೆ ಒಂದು ಮಾತು ಆಡಿದ್ದರೆ ಸಾಕಿತ್ತು, ನಂಗ್ಯಾಕೆ ಹೆಸರು ಬಿಡು ಅಂತ ತಂಗಿಯೇ ಅಂದಿದ್ದಳಲ್ಲ, ಅಂದಿದ್ದಳು, ತನ್ನ ಹೆಸರಿಗಿಂತ ಮೇಲೆ ತಂಗಿಯ ಹೆಸರು ಟೈಪ್ ಮಾಡಿದಳು, ಆಯಿತಲ್ಲ, ಎದ್ದು ಬಾಗಿಲು ತೆರೆಯಬಹುದು — ಮೊದಲ ಸಿನಿಮಾದ ಆ ಥಿಯೇಟರಿನ ದೀಪ ಹತ್ತಿದೆ, ಜನ ಎದ್ದು ಹೊರಟಿದ್ದಾರೆ, ಪರದೆಯ ಮೇಲೆ ಹೆಸರುಗಳು ಸರಿಯುತ್ತಿವೆ, ಬಾರೇ ಹೊರಡೋಣ, ತಾಳಕ್ಕಾ ಒಂದು ನಿಮಿಷ, ಹೆಸರುಗಳೂ ಮುಗಿದವು, ಕಸ ಗುಡಿಸುವವಳು ಬಂದಳು, ಬರೀ ಬಿಳೀ ಪರದೆ, ಅದರ ಮುಂದೆ ತೊಡೆಯ ಮೇಲೆ ಚೀಲ ಇಟ್ಟುಕೊಂಡು, ಕತ್ತೆತ್ತಿ, ಇನ್ನೂ ಓದುತ್ತಲೇ ಇದ್ದಾಳೆ ತಂಗಿ