ಒಸ್ಮಾರನ ಪಾಲಿನ ಸ್ವರ

ಒಸ್ಮಾರ್ ಸತ್ತ ಎಂಟನೆಯ ದಿನ ನಾನು ಸಾಂತೋಸಿನ ರೈಲ್ವೆ ನೌಕರರ ಕ್ಲಬ್ಬಿನಲ್ಲಿ ಎಂದಿನಂತೆ ಪಿಯಾನೋ ಮುಂದೆ ಕೂತೆ. ಹಿಂದಿನ ದಿನವಷ್ಟೇ ಇಗರ್ಜಿಯಲ್ಲಿ ಅವನ ಏಳನೆಯ ದಿನದ ಪೂಜೆ ಮುಗಿದಿತ್ತು. "ಒಂದು ಭಾನುವಾರ ರಜೆ ತಗೊಳ್ಳಿ ದೋನಾ ಎರ್ಮೆಲಿಂದಾ, ಯಾರೂ ಏನೂ ಅನ್ಕೊಳಲ್ಲ" ಎಂದು ಕ್ಲಬ್ಬಿನ ಮೇಲ್ವಿಚಾರಕ ವಾಂದೆರ್ಲೇ ಹೇಳಿದ್ದ. ರಜೆ ತೆಗೆದುಕೊಂಡು ಏನು ಮಾಡಲಿ? ಎಪ್ಪತ್ತೊಂದು ವರ್ಷದ ಒಂಟಿ ಹೆಂಗಸಿಗೆ ಭಾನುವಾರದಷ್ಟು ಉದ್ದದ ದಿನ ಇನ್ನೊಂದಿಲ್ಲ. ಮನೆಯಲ್ಲಿ ಪಿಯಾನೋ ಕೂಡ ಇಲ್ಲ. ಮೂರನೆಯ ಮಹಡಿಯ ಗೂಡು, ಇಕ್ಕಟ್ಟಿನ ಮೆಟ್ಟಿಲು. ಈ ಭೂಮಿಯ ಮೇಲೆ ನನ್ನ ಕೈಗೆ ಸಿಗುವ ಪಿಯಾನೋ ಅಂತ ಇದ್ದದ್ದು ಕ್ಲಬ್ಬಿನದೊಂದೇ.

ನಾವು ಮೂವರಿದ್ದೆವು. ಪಿಯಾನೋಗೆ ನಾನು, ಡಬಲ್ ಬೇಸ್ ಎಂಬ ಆಳೆತ್ತರದ ತಂತಿವಾದ್ಯಕ್ಕೆ ಒಸ್ಮಾರ್, ಡ್ರಮ್ಮಿಗೆ ತಿಯಾವೋ. ರಿಯೋದ ಒಂದು ಸಂದಿಯಲ್ಲಿ, ಇಪ್ಪತ್ತು ಕುರ್ಚಿ ಹಿಡಿಸುವ ಬಾರಿನಲ್ಲಿ ಶುರುಮಾಡಿದೆವು. ಜಾಝ್‌ಗೆ ನಮ್ಮ ಸಾಂಬಾದ ನಡಿಗೆ ಕಲಿಸುತ್ತೇವೆ ಎಂಬ ಹುಮ್ಮಸ್ಸು ಆಗ. ಒಂದು ರೆಕಾರ್ಡ್ ಬಂತು. ಅದರ ಹೊದಿಕೆಯ ಮೇಲೆ ನನ್ನ ಹೆಸರು ತಪ್ಪಾಗಿ ಅಚ್ಚಾಗಿತ್ತು. ಮೆಕ್ಸಿಕೋದ ಹೋಟೆಲೊಂದರಲ್ಲಿ ಎಂಟು ತಿಂಗಳು ನುಡಿಸಿದೆವು. ವಾಪಸ್ ಬರುವಷ್ಟರಲ್ಲಿ ಜನಕ್ಕೆ ಬೇರೆ ಸಂಗೀತ ಬೇಕಾಗಿತ್ತು. ಆಮೇಲೆ ಮದುವೆಗಳು, ಮಾಂಸದ ಹೋಟೆಲುಗಳು, ಒಂದು ಬೂಟಿನ ಅಂಗಡಿಯ ಉದ್ಘಾಟನೆ. ತಿಯಾವೋ ಮಗಳ ಮನೆಗೆಂದು ಗೋಯಾನಿಯಾಕ್ಕೆ ಹೋದವನು ಮತ್ತೆ ಬರಲಿಲ್ಲ. ಕಡೆಯ ಹನ್ನೊಂದು ವರ್ಷ ಈ ಕ್ಲಬ್ಬಿನಲ್ಲಿ ನಾವಿಬ್ಬರೇ, ಭಾನುವಾರ ಮಧ್ಯಾಹ್ನ ಮೂರಕ್ಕೆ, ಮುದುಕ ಮುದುಕಿಯರ ಕುಣಿತಕ್ಕೆ ನುಡಿಸುತ್ತಿದ್ದೆವು.

"ನಿಮ್ಮಿಬ್ಬರ ನಡುವೆ ಏನಾದ್ರೂ...?" ಎಂದು ಜನ ಕಣ್ಣು ಮಿಟುಕಿಸಿ ಕೇಳುತ್ತಿದ್ದರು. ಏನೂ ಇಲ್ಲ ಎನ್ನುತ್ತಿದ್ದೆ. ಅವನಿಗೆ ಹೆಂಡತಿಯಿದ್ದಳು, ಮೂವರು ಹೆಣ್ಣುಮಕ್ಕಳಿದ್ದರು. ನನಗೆ ನಾಲ್ಕು ವರ್ಷ ಗಂಡನಿದ್ದ. ನಾನೋ ಪಿಯಾನೋನೋ ಎಂದು ಕೇಳಿದ, ಉತ್ತರ ಕೇಳಿಸಿಕೊಂಡು ಹೋದ. ಮೂವತ್ತೆಂಟು ವರ್ಷ ಏನೂ ಇಲ್ಲ ಎಂದೇ ಹೇಳಿಕೊಂಡು ಬಂದೆ. ಇತ್ತು. ನನ್ನ ಕಡೆಯಿಂದ ಇತ್ತು. ಈಗ ಹೇಳಿದರೆ ಯಾರಿಗೂ ನಷ್ಟವಿಲ್ಲ.

ಒಸ್ಮಾರ್ ಸತ್ತದ್ದು ಭಾನುವಾರ ಬೆಳಿಗ್ಗೆ, ಬೇಕರಿಯ ಸಾಲಿನಲ್ಲಿ ನಿಂತಿದ್ದಾಗ. ಮಣ್ಣು ಮಾಡುವಾಗ ಅವನ ಹೆಂಡತಿಯನ್ನು ನಾಲ್ಕು ಜನ ಹಿಡಿದುಕೊಂಡಿದ್ದರು. ನಾನು ಹಿಂದಿನ ಸಾಲಿನಲ್ಲಿ ಯಾರದೋ ಕೊಡೆ ಹಿಡಿದು ನಿಂತಿದ್ದೆ. ಅಳು ಬರಲಿಲ್ಲ. ಅಳುವುದಕ್ಕೂ ಒಂದು ಹಕ್ಕು ಬೇಕಲ್ಲ.

ಆ ಮೊದಲ ಭಾನುವಾರ ಬೊಲೇರೋ ಎಂಬ ನಿಧಾನದ ಕುಣಿತದ ಹಾಡೊಂದನ್ನು ಎತ್ತಿಕೊಂಡೆ. ಕುಣಿಯಲು ಎದ್ದ ಹನ್ನೆರಡು ಜೋಡಿಗಳೂ ಎರಡೇ ಸುತ್ತಿನಲ್ಲಿ ತಡವರಿಸಿದವು. ನಲವತ್ತು ವರ್ಷದಿಂದ ಗಂಡನ ಜೊತೆ ಕುಣಿಯುತ್ತಿದ್ದ ದೋನಾ ನೀಲ್ಸಾ ಅವನ ಕಾಲು ತುಳಿದುಬಿಟ್ಟಳು.

"ಏನ್ರೀ ಇದು, ಎಲ್ಲಿ ಹೆಜ್ಜೆ ಇಡಬೇಕೋ ಗೊತ್ತಾಗ್ತಾನೇ ಇಲ್ಲ!" ಎಂದು ಕೂಗಿದಳು.

"ನಿನ್ನ ತೂಕಕ್ಕೆ ಎಲ್ಲಿ ಇಟ್ಟರೂ ಒಂದೇ ಕಣೇ" ಎಂದ ಗಂಡ. ಜನ ನಕ್ಕರು. ಆದರೆ ಮೂರನೆಯ ಹಾಡಿಗೆ ಅರ್ಧ ಜನ ಎದ್ದುಹೋಗಿ ಕರಿದ ತಿಂಡಿಯ ಮೇಜಿನ ಮುಂದೆ ನಿಂತಿದ್ದರು.

ವಾಂದೆರ್ಲೇ ಬೆವರು ಒರೆಸಿಕೊಳ್ಳುತ್ತ ಬಂದ. "ಪಿಯಾನೋ ಕೆಟ್ಟಿದೆ ಅನ್ಸುತ್ತೆ. ಸಮುದ್ರದ ಉಪ್ಪುಗಾಳಿ ನೋಡಿ, ತಂತಿ ತುಕ್ಕು ಹಿಡಿದಿರಬೇಕು. ಏನೋ ಕಮ್ಮಿ ಕೇಳಿಸ್ತಿದೆ."

"ಹೌದು, ಹಾಳು ಪೆಟ್ಟಿಗೆ" ಎಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆಗ ನನಗೆ ಅದು ಹೊಳೆಯಲಿಲ್ಲ. ನಿಜವಾಗಿಯೂ ಪಿಯಾನೋದ್ದೇ ತಪ್ಪು ಎಂದು ನಂಬಿದ್ದೆ.

ಅವನು ಹೋಗದೆ ಅಲ್ಲೇ ನಿಂತ. "ಬೇಜಾರು ಮಾಡ್ಕೋಬೇಡಿ ದೋನಾ. ಪಕ್ಕದೂರು ಸಾವೋ ವಿಸೆಂತೆಯಿಂದ ಒಬ್ಬ ಬರ್ತೀನಿ ಅಂತಿದಾನೆ. ಅವನ ಕೀಬೋರ್ಡಲ್ಲಿ ಡ್ರಮ್ಮು, ಬೇಸು ಎಲ್ಲ ತಾನಾಗೇ ಬರುತ್ತಂತೆ. ಮುಂದಿನ ಭಾನುವಾರ ನೋಡೋಣ. ಆಗ್ಲೂ ಜನ ಕೂತೇಬಿಟ್ರೆ ನನ್ನ ಕೈಲಿ ಏನೂ ಇಲ್ಲ."

ಗುರುವಾರ ಶ್ರುತಿ ಮಾಡುವ ಎವಾಲ್ದೋ ಬಂದ. ಮುಚ್ಚಳ ಎತ್ತಿ, ತಂತಿ ಮೀಟಿ, ಒಂದೊಂದೇ ಕೀ ಒತ್ತಿ ನೋಡಿದ. ನಾನು ಪಕ್ಕದಲ್ಲಿ ಕಾಫಿ ಹಿಡಿದು ಅವನ ತಪ್ಪು ಹುಡುಕುತ್ತಿದ್ದೆ. ಕೊನೆಗೆ ಅವನು ನನ್ನನ್ನು ಹತ್ತಿರ ಕರೆದು, ಎಡಗಡೆಯ ಕೀಗಳ ಮೇಲೆ ಬೆರಳಾಡಿಸಿ ತೋರಿಸಿದ. ಬೆರಳಿಗೆ ಧೂಳು ಹತ್ತಿತ್ತು.

"ಪಿಯಾನೋಗೆ ಏನೂ ಆಗಿಲ್ಲ ದೋನಾ. ಇಲ್ಲಿಂದ ಆ ತುದಿವರೆಗೆ ನೀವು ಕೈನೇ ಇಟ್ಟಿಲ್ಲ. ಆ ಕೆಳಗಿನ ಸ್ವರ ಎಲ್ಲ ಒಸ್ಮಾರ್‌ಗೆ ಬಿಟ್ಟು ನುಡಿಸ್ತಿದೀರಿ." ಬೆರಳಿನ ಧೂಳು ಒರೆಸಿಕೊಳ್ಳುತ್ತ ಹೇಳಿದ, "ಅವರಿಲ್ಲವಲ್ಲ."

"ಗೊತ್ತು. ಪೂಜೆಗೆ ನಾನೂ ಹೋಗಿದ್ದೆ" ಎಂದು ಸಿಡುಕಿದೆ. ಅವನು ತನ್ನ ಚೀಲ ಕಟ್ಟಿಕೊಂಡು ಹೊರಟ.

ಅವನು ಹೇಳಿದ್ದು ನಿಜ. ಬೇಸ್ ನುಡಿಸುವವನು ಜೊತೆಗಿದ್ದರೆ ಬುಡದ ಸ್ವರ ಅವನದು, ಪಿಯಾನೋದವರು ಅಲ್ಲಿಗೆ ಕೈ ಹಾಕಬಾರದು. ಇಬ್ಬರೂ ನುಡಿಸಿದರೆ ಕೆಸರು ತುಳಿದ ಹಾಗೆ ಕೇಳಿಸುತ್ತದೆ. ಮೊದಲ ಅಭ್ಯಾಸದ ದಿನವೇ ಒಸ್ಮಾರ್ ನನ್ನ ಎಡಗೈ ಎತ್ತಿ ನನ್ನ ಮಡಿಲಲ್ಲಿಟ್ಟಿದ್ದ. "ಕೆಳಗಿನ ಸ್ವರ ನಂದು ಮಾರಾಯ್ತಿ. ನೀನೂ ಅಲ್ಲಿಗೇ ಬಂದ್ರೆ ನಾನೇನು ಬೀದಿ ಗುಡಿಸ್ಲಾ?" ಅವತ್ತಿನಿಂದ ನನ್ನ ಕಿರುಬೆರಳು ಅತ್ತ ಹೋಗಿರಲಿಲ್ಲ.

ಶುಕ್ರವಾರ, ಶನಿವಾರ ಕ್ಲಬ್ಬಿನ ಖಾಲಿ ಹಾಲ್‌ನಲ್ಲಿ ಕೂತು ಅಭ್ಯಾಸ ಮಾಡಿದೆ. ಅಭ್ಯಾಸ ಏನು ಬಂತು, ಸುಮ್ಮನೆ ಕೂತಿದ್ದೆ. ಬೆರಳಿಗೆ ಬಾರದ್ದೇನಲ್ಲ. ಕಾನ್ವೆಂಟಿನ ಸಿಸ್ಟರುಗಳು ಎಂಟನೆಯ ವಯಸ್ಸಿಗೇ ಎರಡೂ ಕೈ ಕಲಿಸಿದ್ದರು. ಆದರೆ ಕಿರುಬೆರಳು ಆ ಕೀಯ ಮೇಲೆ ಬಂದು ನಿಲ್ಲುತ್ತಿತ್ತು, ಕೆಳಗೆ ಇಳಿಯುತ್ತಿರಲಿಲ್ಲ.

ಯಾಕೆಂದು ಶನಿವಾರ ಸಂಜೆ ಗೊತ್ತಾಯಿತು. ಒಸ್ಮಾರ್ ಜನ್ಮದಲ್ಲಿ ಒಂದು ದಿನವೂ ಹೊತ್ತಿಗೆ ಸರಿಯಾಗಿ ಬಂದವನಲ್ಲ. ಆ ದೊಡ್ಡ ವಾದ್ಯವನ್ನು ಯಾವ ಬಸ್ಸಿನವನೂ ಸುಲಭಕ್ಕೆ ಹತ್ತಿಸಿಕೊಳ್ಳುತ್ತಿರಲಿಲ್ಲ. ಮೊದಲ ಚರಣ ನಾನೊಬ್ಬಳೇ ನುಡಿಸುತ್ತಿದ್ದೆ, ಅವನ ಜಾಗ ಖಾಲಿ ಬಿಟ್ಟು, ಬಾಗಿಲ ಕಡೆ ಕಣ್ಣಿಟ್ಟು. ಅವನು ಬೈಸಿಕೊಳ್ಳುತ್ತ ಒಳಗೆ ಬಂದು, ಹೊದಿಕೆ ಬಿಚ್ಚಿ, ಎರಡನೆಯ ಚರಣಕ್ಕೆ ಸರಿಯಾಗಿ ತನ್ನ ಸ್ವರ ಹಾಕುತ್ತಿದ್ದ. ನಾನು ಜಾಗ ಬಿಟ್ಟಿರುವಷ್ಟು ದಿನ ಅವನು ಬರುವುದು ತಡವಾಗಿದೆ, ಅಷ್ಟೇ. ಆ ಸ್ವರ ನಾನೇ ನುಡಿಸಿದೆನೋ, ಅಲ್ಲಿಗೆ ಮುಗಿಯಿತು.

ಭಾನುವಾರ ಹಾಲ್ ಜನರಿಂದ ತುಂಬಿತ್ತು. ಸಾವೋ ವಿಸೆಂತೆಯವನು ಕೀಬೋರ್ಡನ್ನು ಚೀಲದಲ್ಲಿಟ್ಟು ಗೋಡೆಗೊರಗಿಸಿ ಕಾಫಿ ಕುಡಿಯುತ್ತ ಕೂತಿದ್ದ. ಅದೇ ಬೊಲೇರೋ ಎತ್ತಿಕೊಂಡೆ. ಜೋಡಿಗಳು ಎದ್ದು ನಿಂತವು, ಆದರೆ ಕಾಲೆತ್ತಲಿಲ್ಲ. ದೋನಾ ನೀಲ್ಸಾ ಗಂಡನ ಹೆಗಲ ಮೇಲೆ ಕೈಯಿಟ್ಟು ನನ್ನ ಎಡಗೈಯನ್ನೇ ನೋಡುತ್ತಿದ್ದಳು.

ಮೊದಲ ಚರಣ ಪೂರ್ತಿ ಜಾಗ ಬಿಟ್ಟು ನುಡಿಸಿದೆ. ಕಣ್ಣು ಬಾಗಿಲ ಮೇಲೇ ಇತ್ತು. ನಿನಗೆ ಇಷ್ಟು ಹೊತ್ತು ಕೊಟ್ಟಿದ್ದೇನೆ ಒಸ್ಮಾರ್, ಬರುವುದಿದ್ದರೆ ಬಾ ಎಂದು ಮನಸ್ಸಿನಲ್ಲೇ ಬೈದೆ. ಬಾಗಿಲಲ್ಲಿ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ.

ಎರಡನೆಯ ಚರಣ ಬಂತು. ಕಿರುಬೆರಳನ್ನು ಕೆಳಗೆ ಇಳಿಸಿದೆ.

ಆ ಮಂದ್ರ ಸ್ವರ ಹಲಗೆಯ ನೆಲದಲ್ಲಿ ಗುಂಯ್ ಎಂದು ಹರಡಿತು. ಎದ್ದು ನಿಂತಿದ್ದ ಜೋಡಿಗಳೆಲ್ಲ ಒಂದೇ ಸಲ ಹೆಜ್ಜೆಯಿಟ್ಟವು. ಅದರ ಹಿಂದೆ ಇನ್ನೊಂದು ಸ್ವರ ಹಾಕಿದೆ, ಮತ್ತೊಂದು. ಕೈ ನಿಲ್ಲಲಿಲ್ಲ, ಕಣ್ಣೀರೂ ನಿಲ್ಲಲಿಲ್ಲ. ಒರೆಸಿಕೊಳ್ಳೋಣವೆಂದರೆ ಈಗ ಎರಡೂ ಕೈಗೆ ಕೆಲಸವಿತ್ತು. ಕುಣಿಯುವವರು ಯಾರೂ ನೋಡಲಿಲ್ಲ, ಅವರಿಗೆ ಹೆಜ್ಜೆ ಸಿಕ್ಕಿತ್ತು.

ಹಾಡು ಮುಗಿದಾಗ ಚಪ್ಪಾಳೆ ಬಿತ್ತು. ವಾಂದೆರ್ಲೇ ದೂರದಿಂದಲೇ ಹೆಬ್ಬೆರಳು ಎತ್ತಿ ತೋರಿಸಿದ. ಸಾವೋ ವಿಸೆಂತೆಯವನು ಕಾಫಿ ಮುಗಿಸಿ ಚೀಲ ಹೆಗಲಿಗೇರಿಸಿದ. ದೋನಾ ನೀಲ್ಸಾ ಏದುಸಿರು ಬಿಡುತ್ತ ಬಂದು ನನ್ನ ಭುಜ ಹಿಡಿದಳು.

"ಇವತ್ತು ನೋಡಿ ದೋನಾ! ಥೇಟ್ ಇಬ್ಬರು ನುಡಿಸ್ದಂಗೇ ಇತ್ತು!"

"ಇಲ್ಲ ನೀಲ್ಸಾ," ಎಂದೆ, "ಒಬ್ಬಳೇ."

ಕಿರುಬೆರಳಿಗೆ ಧೂಳು ಮೆತ್ತಿಕೊಂಡಿತ್ತು. ಅದನ್ನು ಲಂಗಕ್ಕೆ ಒರೆಸಿಕೊಂಡು, ಬಾಗಿಲ ಕಡೆ ನೋಡದೆ ಮುಂದಿನ ಹಾಡು ಶುರುಮಾಡಿದೆ.