ಇಳಿಸಪ್ಪನವರ ಮುಳ್ಳು

ಎದುರಿಗೆ ನಿಂತು ಮಾತನಾಡುವವರ ಕಣ್ಣನ್ನು ಅವರು ಎಂದೂ ನೋಡುತ್ತಿರಲಿಲ್ಲ. ಗದ್ದದ ಕೆಳಗೆ, ಅಂಗಿಯ ಮೊದಲ ಗುಂಡಿಯ ಆಸುಪಾಸಿನಲ್ಲಿ, ಅಲ್ಲೊಂದು ಮುಳ್ಳು ಎಡಕ್ಕೂ ಬಲಕ್ಕೂ ಆಡುತ್ತಿದೆಯೋ ಎಂಬಂತೆ ದೃಷ್ಟಿ ನೆಟ್ಟು ನಿಲ್ಲುತ್ತಿದ್ದರು. ಮೊದಲ ಸಲ ಕಂಡವರು ಎದೆಯ ಮೇಲೆ ಏನೋ ಚೆಲ್ಲಿಕೊಂಡಿದ್ದೇವೆಂದು ಗಾಬರಿಯಿಂದ ಒರೆಸಿಕೊಳ್ಳುತ್ತಿದ್ದರು. ನಾನೂ ಹಾಗೆ ಒರೆಸಿಕೊಂಡವನೇ. ಬಾನುಲಿ ಕೇಂದ್ರದ ಧ್ವನಿಮುದ್ರಣ ಕೊಠಡಿಯಲ್ಲಿ ಮೂವತ್ತೊಂದು ವರ್ಷ ಗಾಜಿನ ಆಚೆ ಕುಳಿತು, ಈಚೆ ಬಾಯಿ ತೆರೆದವರ ದನಿ ಎಷ್ಟು ಏರಿತು, ಎಷ್ಟು ಇಳಿಯಿತು ಎಂಬುದನ್ನಷ್ಟೇ ಕಾದ ಮನುಷ್ಯ ಅವರು. ಮಂತ್ರಿ ಬರಲಿ, ವಿದ್ವಾಂಸ ಬರಲಿ, ಅಂಗೈಯನ್ನು ಕೆಳಮುಖ ಮಾಡಿ ಎರಡು ಸಲ ಆಡಿಸಿ, "ಸ್ವಲ್ಪ ಇಳಿಸಿ ಸ್ವಾಮಿ" ಎನ್ನುವುದು ಅವರ ಮೊದಲ ಮಾತು, ಬಹಳ ಮಂದಿಗೆ ಕೊನೆಯ ಮಾತೂ ಅದೇ. ಹೀಗಾಗಿ ಇಳಿಸಪ್ಪ ಎಂಬ ಅಡ್ಡಹೆಸರು ಅಂಟಿಕೊಂಡಿತು, ಅಪ್ಪ ಅಮ್ಮ ಇಟ್ಟ ಹೆಸರನ್ನು ಸಂಬಳದ ದಿನ ಗುಮಾಸ್ತೆ ಮಾತ್ರ ಕರೆಯುತ್ತಿದ್ದ.

ವಾರಕ್ಕೊಂದು ಭಾಷಣ ಓದಲು ನಾನು ಹನ್ನೆರಡು ವರ್ಷ ಅಲ್ಲಿಗೆ ಹೋಗಿದ್ದೇನೆ. ನನ್ನದು ಹುಟ್ಟಾ ದೊಡ್ಡ ಗಂಟಲು, ಆದ್ದರಿಂದ ಅವರ ಅಂಗೈಯನ್ನು ನನ್ನಷ್ಟು ಕಂಡವರು ಬೇರೆ ಇರಲಾರರು. ರಬ್ಬರ್ ತಳದ ಬೂಟು, ನಡೆದರೆ ಸದ್ದಿಲ್ಲ. ಬೂದು ಬಣ್ಣದ ಕೋಟು, ಅದರ ಎಡಜೇಬಿನಲ್ಲಿ ಕಡ್ಡಿಯಷ್ಟು ಸಣ್ಣ ಸ್ಕ್ರೂಡ್ರೈವರು. ಬೆಳಗ್ಗೆ ಬಂದೊಡನೆ ಯಂತ್ರದಿಂದ ಒಂದೇ ಸಮನಾದ ಶ್ರುತಿಯೊಂದನ್ನು ಹೊರಡಿಸಿ, ದನಿ ಅಳೆಯುವ ಮೀಟರಿನ ಮುಳ್ಳು ಕೆಂಪು ಗೆರೆಯ ಅಂಚಿಗೆ ಸರಿಯಾಗಿ ಬಂದು ನಿಲ್ಲುವ ತನಕ ಹಿಂಬದಿಯ ಸ್ಕ್ರೂವನ್ನು ಕೂದಲೆಳೆಯಷ್ಟು ಅತ್ತ ಇತ್ತ ತಿರುಗಿಸುವುದು ಅವರ ನಿತ್ಯವಿಧಿ. ಆ ಸ್ಕ್ರೂವಿಗೆ ಇನ್ನೊಬ್ಬರ ಕೈ ತಾಗುವಂತಿರಲಿಲ್ಲ. ಹೊಸದಾಗಿ ಸೇರಿದ ಇಂಜಿನಿಯರನೊಬ್ಬ ಒಮ್ಮೆ ಕೈ ಹಾಕಿದ್ದಕ್ಕೆ, "ಇದು ತಪ್ಪಾದ್ರೆ ಇಡೀ ಊರಿಗೆ ತಪ್ಪು ಹೇಳಿದ ಹಾಗೆ" ಎಂದರಂತೆ, ಅದೂ ಮೆಲ್ಲಗೆ.

ಅವರ ನಿಷ್ಠೆ ಎಂಥದೆಂದು ನನಗೆ ತಿಳಿದದ್ದು ಹಳೆಯ ಮೀಟರುಗಳನ್ನು ಬದಲಿಸುವ ವರ್ಷ. ಮೂರು ಬಗೆಯವನ್ನು ಮೇಜಿನ ಮೇಲೆ ಸಾಲಾಗಿಟ್ಟು, ಒಂದನ್ನು ಆರಿಸಿ ಎಂದು ಮೇಲಿನವರು ಇವರ ತಲೆಗೇ ಕಟ್ಟಿದರು. ಒಂದು, ದನಿಯ ಅತ್ಯುನ್ನತ ತುದಿಯನ್ನಷ್ಟೇ ಹಿಡಿಯುವ ದೀಪಗಳ ಮೀಟರು. "ಇದು ಪೊಲೀಸಿನವನು ಸ್ವಾಮಿ, ಗೆರೆ ದಾಟಿದವರನ್ನು ಹಿಡೀತಾನೆ, ದಾಟದೆ ಕಾಟ ಕೊಡೋರನ್ನು ಬಿಟ್ಟುಬಿಡ್ತಾನೆ" ಎಂದು ಬದಿಗೆ ಸರಿಸಿದರು. ಇನ್ನೊಂದು ಹೊಸದಾದ ಮುಳ್ಳಿನ ಮೀಟರು; ಮನುಷ್ಯರು ಮಾತಾಡುವ ಗತಿಗೆ ತಕ್ಕಂತೆ ನಿಧಾನವಾಗಿ ಏಳುವ, ಕೂರುವ ಅದರ ಮೇಲೆ ಅವರಿಗೆ ಜೀವ. ಮೂರನೆಯದು ಮುಳ್ಳೂ ಇಲ್ಲದ, ಬರೀ ಅಂಕಿ ತೋರಿಸುವ ಪರದೆ: ಕಿವಿಗೆ ದನಿ ಎಷ್ಟು ದೊಡ್ಡದಾಗಿ ಕೇಳುತ್ತದೆಂಬುದನ್ನು ಕಾರ್ಯಕ್ರಮದ ಉದ್ದಕ್ಕೂ ಅಳೆದು ಸರಾಸರಿ ಹೇಳುವುದು, ನಡುವಿನ ಮೌನವನ್ನು ಲೆಕ್ಕಕ್ಕೇ ಹಿಡಿಯದ್ದು. ಕ್ಷಣಕಾಲ ಸುಮ್ಮನಿದ್ದು ಆಮೇಲೆ ಕಿರುಚಿ ಸರಾಸರಿ ಸರಿದೂಗಿಸುವ ಜಾಹೀರಾತಿನವರ ಆಟ ಅದರ ಮುಂದೆ ನಡೆಯುವುದಿಲ್ಲ. ಎರಡು ದಿನ ಊಟ ಸೇರದವರಂತೆ ಓಡಾಡಿ, ಕೊನೆಗೆ ಇಳಿಸಪ್ಪನವರು ಆರಿಸಿದ್ದು ಆ ಪರದೆಯನ್ನೇ. "ನನಗೆ ಇದನ್ನು ಕಂಡ್ರೆ ಆಗಲ್ಲ. ಆದ್ರೆ ಇದಕ್ಕೆ ಸುಳ್ಳು ಹೇಳಕ್ಕೆ ಬರಲ್ಲ" ಎಂದರು. ಕಳಚಿ ಹಾಕಿದ ಹಳೆಯ ಮುಳ್ಳಿನ ಮೀಟರನ್ನು ಕೇಳಿ ಪಡೆದು, ನಿವೃತ್ತಿಯ ದಿನ ಟವೆಲ್ಲಿನಲ್ಲಿ ಸುತ್ತಿಕೊಂಡು ಮನೆಗೆ ಒಯ್ದರು.

ಮನೆಯಲ್ಲಿದ್ದವರು ಅಕ್ಕ ಒಬ್ಬರೇ. ಇಬ್ಬರಿಗೂ ಮದುವೆಯಾಗಿರಲಿಲ್ಲ, ಕಾರಣ ಕೇಳಿದರೆ, "ಅಕ್ಕನಿಗೆ ತಕ್ಕವನು ಸಿಗಲಿಲ್ಲ, ನನಗೆ ಹುಡುಕೋರು ಸಿಗಲಿಲ್ಲ" ಎಂದು ನಗುತ್ತಿದ್ದರು. ಅಕ್ಕ ಶಾಲೆಯಲ್ಲಿ ಗಣಿತ ಕಲಿಸಿದವರು, ಮೂರು ಕೋಣೆ ಆಚೆಗೂ ಮಗ್ಗಿ ಮುಟ್ಟಿಸುತ್ತಿದ್ದ ಕಂಠ. ಊರಿನವರ ದನಿಯನ್ನೆಲ್ಲ ತಗ್ಗಿಸಿದ ಮಹಾನುಭಾವರಿಗೆ ಮನೆಯಲ್ಲಿ ಮಾತ್ರ ಆ ಅಂಗೈ ಏಳುತ್ತಿರಲಿಲ್ಲ.

ಆ ಕಂಠಕ್ಕೇ ಕುತ್ತು ಬಂತು. ಕೈ ನಡುಗುವ ಕಾಯಿಲೆ ಅಕ್ಕನಿಗೆ ಅಂಟಿಕೊಂಡಿತು. ಅದರಲ್ಲಿ ದನಿ ಕುಗ್ಗುವುದು ಒಂದು ಕಷ್ಟವಾದರೆ, ಕುಗ್ಗಿದ್ದು ಕುಗ್ಗಿದವರಿಗೇ ತಿಳಿಯದಿರುವುದು ಇನ್ನೊಂದು. ಪಿಸುಗುಟ್ಟುತ್ತಿದ್ದರೂ ತಾವು ಎಂದಿನಂತೆಯೇ ಮಾತಾಡುತ್ತಿದ್ದೇವೆಂದು ಅವರು ನಂಬಿರುತ್ತಾರೆ. ದಿನಕ್ಕೆರಡು ಸಲ ಗಟ್ಟಿಯಾಗಿ ಮಾತಾಡುವ ಅಭ್ಯಾಸ ಮಾಡಿಸಿ, ಇಲ್ಲವಾದರೆ ಇದ್ದದ್ದೂ ಹೋಗುತ್ತದೆ, ಎದುರಿಗೊಂದು ಮೀಟರು ಇರಲಿ, ಅವರಿಗೆ ಅದೊಂದೇ ಸಾಕ್ಷಿ ಎಂದು ಮಾತು ತಿದ್ದುವ ವೈದ್ಯೆ ಹೇಳಿಕಳಿಸಿದರು.

ಮೊದಲು ಇಳಿಸಪ್ಪನವರು ಅಂಕಿಯ ಮೀಟರನ್ನೇ ತಂದರು. ಅಲ್ಲಿ ಅಂಕಿಗಳೆಲ್ಲ ಸೊನ್ನೆಯಿಂದ ಕೆಳಗೆ. ಗಣಿತದ ಮೇಡಂ ಅದನ್ನು ನೋಡಿ, "ಮೈನಸ್ ನಲವತ್ತು ಅಂದ್ರೆ ನಾನು ಇಲ್ಲವೇ ಇಲ್ಲ ಅಂತಾನೇನೋ?" ಎಂದು ಮುಖ ತಿರುಗಿಸಿದರು. ಆಗ ಟವೆಲ್ಲಿನೊಳಗಿದ್ದ ಹಳೆಯ ಮುಳ್ಳು ಹೊರಗೆ ಬಂತು. ಊಟದ ಮೇಜಿನ ಮೇಲೆ ಅದನ್ನಿಟ್ಟು, ಮೈಕು ಸಿಕ್ಕಿಸಿ, ಅಕ್ಕ ಮಗ್ಗಿ ಹೇಳುವುದು, ತಮ್ಮ ಅಂಗೈಯನ್ನು ಮೇಲ್ಮುಖ ಮಾಡಿ ಎತ್ತುವುದು. ಎರಡು ವಾರ ಮುಳ್ಳು ಮಲಗಿದಲ್ಲಿಂದ ಮಿಸುಕಲಿಲ್ಲ. ಮೂರನೆಯ ವಾರ ಅಕ್ಕ, "ಸಾಕು ಕಣೋ. ನಾಳೆಯಿಂದ ಬೇಡ" ಎಂದು ಎದ್ದು ಹೋದರು.

ಮಾರನೆಯ ಬೆಳಗ್ಗೆ ಅಕ್ಕ ಸ್ನಾನಕ್ಕೆ ಹೋಗಿದ್ದಾಗ, ಮೂವತ್ತೊಂದು ವರ್ಷ ಯಾರನ್ನೂ ಮುಟ್ಟಗೊಡದ ಆ ಸ್ಕ್ರೂವನ್ನು ಇಳಿಸಪ್ಪನವರು ಕಾಲು ಸುತ್ತು ತಿರುಗಿಸಿದರು. ಇವತ್ತೊಂದು ದಿನ ಎಂದು ಬೇಡಿ ಅಕ್ಕನನ್ನು ಕೂರಿಸಿದರು; ಏಳರ ಮಗ್ಗಿಗೆ ಮುಳ್ಳು ಎದ್ದು ಗೆರೆ ಮುಟ್ಟಿತು. ಅಕ್ಕ ಮಗುವಿನಂತೆ ನಕ್ಕು, ಹತ್ತೊಂಬತ್ತರ ತನಕ ಹೇಳಿ ಮುಗಿಸಿದರು. ಅಭ್ಯಾಸವೇನೋ ಉಳಿಯಿತು; ದನಿ ಮಾತ್ರ ಕುಗ್ಗುತ್ತಲೇ ಹೋಯಿತು, ಅದು ಕುಗ್ಗಿದಷ್ಟೂ ಸ್ಕ್ರೂ ತಿರುಗುತ್ತ ಹೋಯಿತು. "ಬಿಟ್ಟುಬಿಡ್ತಾಳಲ್ಲ ಅಂತ ಹೆದರಿಕೆ ಸ್ವಾಮಿ" ಎಂದು ಆಮೇಲೆ ನನ್ನ ಮುಂದೆ ಹೇಳಿಕೊಂಡರು.

ಐದು ತಿಂಗಳ ಮೇಲೆ ಅಕ್ಕನ ಹಳೆಯ ವಿದ್ಯಾರ್ಥಿಗಳು, ಈಗ ತಲೆ ನರೆತವರು, ತಾವು ಓದಿದ ಅದೇ ತರಗತಿಯ ಕೋಣೆಯಲ್ಲಿ ಒಟ್ಟು ಸೇರಿ, ನಾಲ್ಕು ಮಾತಾಡಿ ಎಂದು ಮೇಡಮ್ಮನ್ನು ಕರೆದರು. ನನ್ನನ್ನೂ ಇಳಿಸಪ್ಪನವರು ಎಳೆದುಕೊಂಡು ಹೋದರು. ಚೀಲದಲ್ಲಿ ಮೈಕು, ಪುಟ್ಟ ಸ್ಪೀಕರು ಎಲ್ಲ ಇತ್ತು. ಅಕ್ಕ ಅದನ್ನು ತೆಗೆಯಲೇ ಬಿಡಲಿಲ್ಲ. "ನನ್ನ ಕ್ಲಾಸಿಗೆ ಮೈಕಾ? ದಿನಾ ಗೆರೆ ಮುಟ್ಟಿಸ್ತಾ ಇಲ್ವೇನೋ ನಾನು?" ಎಂದರು. ಪಕ್ಕದಲ್ಲಿದ್ದ ನನಗೆ ಅದು ಕಷ್ಟಪಟ್ಟು ಕೇಳಿಸಿತು. ಇಳಿಸಪ್ಪನವರು ಚೀಲದ ಜಿಪ್ಪನ್ನು ಎಳೆದು ಮುಚ್ಚಿಬಿಟ್ಟರು.

ಅಕ್ಕ ಕರಿಹಲಗೆಗೆ ಬೆನ್ನು ಕೊಟ್ಟು ನಿಂತು ಮಾತಾಡತೊಡಗಿದರು. ತುಟಿ ಆಡುತ್ತಿತ್ತು, ಕೈ ಒಮ್ಮೊಮ್ಮೆ ಏಳುತ್ತಿತ್ತು, ಏನೋ ತಮಾಷೆ ಹೇಳಿ ತಾವೇ ನಕ್ಕರು. ಮುಂದಿನ ಬೆಂಚಿನವರು ಬಗ್ಗಿ ಕಿವಿಗೊಟ್ಟರು. ಹಿಂದಿನವರು ಸೌಜನ್ಯದಿಂದ ಕೈಕಟ್ಟಿ ಕಾದರು. ಎಂಟು ನಿಮಿಷವಾಗಿರಬೇಕು. ಕೊನೆಯ ಬೆಂಚಿನಿಂದ ಒಬ್ಬಾತ ಎದ್ದು, ಅತ್ಯಂತ ವಿನಯದಿಂದ, "ಮೇಡಂ, ಎಲ್ಲರೂ ಬಂದಾಯ್ತು. ಇನ್ನು ಶುರು ಮಾಡಬಹುದು" ಎಂದ.

ಅವನದೇನೂ ತಪ್ಪಿಲ್ಲ. ಅಕ್ಕ ಒಂದು ಕ್ಷಣ ಅವನನ್ನು ನೋಡಿದರು, ಆಮೇಲೆ ತಮ್ಮನನ್ನು ನೋಡಿದರು. ಇಳಿಸಪ್ಪನವರು ಆಗ ನೆಲ ನೋಡುತ್ತಿದ್ದರು. ಮೇಡಂ ಮೇಜಿನ ಮೇಲಿದ್ದ ಸೀಮೆಸುಣ್ಣ ತೆಗೆದುಕೊಂಡು, ನಡುಗುವ ಕೈಯಲ್ಲಿ ಹಲಗೆಯ ಮೇಲೆ 'ಎಲ್ಲರೂ ಚೆನ್ನಾಗಿರಿ' ಎಂದು ಬರೆದು ಕುಳಿತುಬಿಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಮನೆಗೆ ಬಂದ ಮೇಲೆ ನಡೆದದ್ದನ್ನು ಇಳಿಸಪ್ಪನವರ ಬಾಯಿಂದಲೇ ಕೇಳಿದ್ದೇನೆ. ಅಕ್ಕ ಮೀಟರಿನ ಮುಂದೆ ಕುಳಿತು, "ಮುಳ್ಳು ಸರಿ ಇದೆಯೇನೋ?" ಎಂದರಂತೆ.

"ಇಲ್ಲ ಅಕ್ಕ."

"ಯಾವಾಗಿಂದ?"

"ಮೂರನೇ ವಾರದಿಂದ."

"ಅದಕ್ಕೆ ಅವಳು ಏನೋ ಹೇಳಿದಳು ಸ್ವಾಮಿ" ಎಂದರು ಇಳಿಸಪ್ಪನವರು ನನಗೆ. " ಬೈದಳೋ, ಹೋಗಲಿ ಬಿಡು ಅಂದಳೋ. ನನಗೆ ಕೇಳಿಸಲಿಲ್ಲ. ಇನ್ನೊಂದ್ಸಲ ಹೇಳು ಅಂತ ಯಾವ ಬಾಯಲ್ಲಿ ಕೇಳ್ಲಿ?"

ಸ್ಕ್ರೂವನ್ನು ಅವರು ಅಂದೇ ಮೊದಲಿನ ಸ್ಥಾನಕ್ಕೆ ತಂದರು. ಅಕ್ಕ ಅಭ್ಯಾಸ ಬಿಡಲಿಲ್ಲ. ಮೀಟರನ್ನು ತಮ್ಮ ಕೋಣೆಗೆ ತರಿಸಿಕೊಂಡು, ಬಾಗಿಲು ಹಾಕಿಕೊಂಡು ಒಬ್ಬರೇ ಕೂರುತ್ತಾರೆ. ಮೊನ್ನೆ ನಾನು ಹೋದಾಗ ಇಳಿಸಪ್ಪನವರು ಆ ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ನಾನು ಏನೋ ಹೇಳಹೋದೆ, ತುಟಿಗೆ ಬೆರಳಿಟ್ಟರು. ಇಬ್ಬರೂ ಅರ್ಧ ಗಂಟೆ ಕಿವಿಗೊಟ್ಟು ಕುಳಿತೆವು. ಒಳಗೆ ಮಗ್ಗಿ ನಡೆದಿತ್ತೋ, ಬರೀ ಮೌನವಿತ್ತೋ, ಇಬ್ಬರಿಗೂ ತಿಳಿಯಲಿಲ್ಲ.

ಅಳತೆಗೆ ಬಾಳನ್ನೇ ತೆತ್ತ ಇಂಥವರು ಪರರ ವಿಷಯದಲ್ಲಿ ಎಂದೂ ತಪ್ಪುವುದಿಲ್ಲ. ಪರರ ಮೇಲೆ ಅವರಿಗೆ ಅಷ್ಟೊಂದು ಪ್ರೀತಿಯಿರುವುದಿಲ್ಲ. ಜೀವಮಾನದಲ್ಲಿ ಒಬ್ಬರೇ ಒಬ್ಬರಿಗಾಗಿ ಅವರ ಕೈ ತಪ್ಪಿನತ್ತ ಸರಿಯುತ್ತದೆ. ದಿನವೂ ಸುಳ್ಳಾಡುವ ನಮ್ಮಂಥವರಿಗೆ ಕ್ಷಮೆ ಕೇಳಿ ರೂಢಿಯಿದೆ, ಕ್ಷಮಿಸಿದರೆಂದು ನಂಬಿಕೊಳ್ಳುವ ಭಂಡತನವೂ ಇದೆ. ಅವರಿಗೆ ಅದೆರಡೂ ಗೊತ್ತಿಲ್ಲ; ಉತ್ತರ ಕೊಟ್ಟಾಗಿದೆ ಎಂದು ತಿಳಿದೂ, ಅದೇನೆಂದು ತಿಳಿಯದೆ, ಬಾಗಿಲ ಹೊರಗೆ ಕುಳಿತೇ ಇರುತ್ತಾರೆ.