ಗುಲಾಬಿ ಎಣ್ಣೆ

“ರಿವರ್ಸ್ ಹಾಕಿ ತಾಯಿ! ಹತ್ತು ಎಣಿಸಿ, ಆಮೇಲೆ ನ್ಯೂಟ್ರಲ್!”

ದನಿ ಕಾರಿನ ಅಡಿಯಿಂದ ಬಂತು. ಸೊಸೆ ಸ್ಟಿಯರಿಂಗ್ ಹಿಡಿದು ಕೂತಿದ್ದಳು. ಕಾರು ಮಾತ್ರ ನೆಲ ಬಿಟ್ಟು ಆಳೆತ್ತರದಲ್ಲಿ, ಲಿಫ್ಟಿನ ಕಬ್ಬಿಣದ ತೋಳುಗಳ ಮೇಲೆ ನಿಂತಿತ್ತು. ಗೇರು ಬದಲಿಸಿದಾಗಲೆಲ್ಲ ಮುಂದಿನ ಚಕ್ರಗಳು ಗಾಳಿಯಲ್ಲಿ ತಿರುಗುತ್ತಿದ್ದವು. ಡ್ರೈವ್ ಹಾಕಿದರೆ ಮುಳ್ಳು ಇಪ್ಪತ್ತರ ವೇಗ ತೋರಿಸುತ್ತಿತ್ತು, ಎದುರು ಗೋಡೆಯ ಟಯರ್ ಜಾಹೀರಾತಿನ ಹುಡುಗಿ ಇದ್ದಲ್ಲೇ ನಗುತ್ತಿದ್ದಳು.

“ಹೆದರಿಕೆ ಇಲ್ಲ ಅಂದ್ರೆ ಒಳಗೇ ಕೂತಿರಿ,” ಎಂದಿದ್ದ ಗೇರಪ್ಪ, ಹೊಸ ಎಣ್ಣೆ ತುಂಬಿ ಕಾರನ್ನು ಎರಡನೇ ಸಲ ಏರಿಸುವ ಮುನ್ನ. “ಮೇಲೆ ಗೇರು ಹಾಕೋಕೆ ಒಬ್ಬ, ಕೆಳಗೆ ಎಣ್ಣೆ ನೋಡೋಕೆ ಒಬ್ಬ ಬೇಕು. ಎರಡೆರಡು ಅವತಾರ ಎತ್ತೋದು ನನಗಿನ್ನೂ ಕೂಡಿ ಬಂದಿಲ್ಲ.”

ಹೆದರಿಕೆ ಇತ್ತು. ಆದರೆ ಕೆಳಗೆ ಮಾವನ ಪಕ್ಕ ನಿಂತಿರುವುದಕ್ಕಿಂತ ಇದೇ ವಾಸಿ ಅನಿಸಿತ್ತು ಅವಳಿಗೆ.

ಗೇರಪ್ಪನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ. ಗೇರ್‌ಬಾಕ್ಸ್ ಬಿಟ್ಟು ಇನ್ನೇನನ್ನೂ ಮುಟ್ಟದವನಾದ್ದರಿಂದ ಊರು ಅವನಿಗೆ ಮರುನಾಮಕರಣ ಮಾಡಿತ್ತು. ಅವನದೊಂದು ಪದ್ಧತಿ: ಬಾನೆಟ್ ಎತ್ತುವ ಮೊದಲು ಮಾಲೀಕರು ಕಾರಿನ ಸದ್ದನ್ನು ಬಾಯಲ್ಲೇ ಮಾಡಿ ತೋರಿಸಬೇಕು. ಬ್ಯಾಂಕ್ ಮ್ಯಾನೇಜರೊಬ್ಬರು ಅಲ್ಲಿ “ಗೊರ್‌ರ್” ಅಂದಿದ್ದರು. ಡಾಕ್ಟರಮ್ಮನೊಬ್ಬರು “ಕೀಂಯ್” ಅಂದು, ಯಾರಾದರೂ ಕೇಳಿದರೇನೋ ಎಂದು ಸುತ್ತ ನೋಡಿದ್ದರು. ಬೆಳಗ್ಗೆ, ಏರಿನಲ್ಲಿ ಕಾರು ನಡುಗುತ್ತದೆಂದು ಬಂದಿದ್ದ ಮಾವನ ಸರದಿ. ಕಪ್ಪು ಕನ್ನಡಕ ಮೂಗಿಗೇರಿಸಿ, ನಿವೃತ್ತ ಹೆಡ್‌ಮಾಸ್ತರರ ಗಾಂಭೀರ್ಯ ಕಿಂಚಿತ್ತೂ ಕದಲದಂತೆ, ಹಾಜರಿ ಕೂಗುವ ದನಿಯಲ್ಲಿ “ಡರ್, ಡರ್” ಎಂದರು.

“ಅದು ಟ್ರ್ಯಾಕ್ಟರ್ ಸಾರ್. ನೀವು ಮಾಡಿ ತಾಯಿ.”

“ಅವರು ಮಾಡಿದ ಹಾಗೇ,” ಎಂದಿದ್ದಳು ಸೊಸೆ. ಮನೆಯಲ್ಲಿ ಏನು ಕೇಳಿದರೂ ಅವಳ ಉತ್ತರ ಅದೇ.

ಆಮೇಲೆ ಕಾರನ್ನೊಮ್ಮೆ ಎತ್ತಿ ಕೆಳಗಿನ ತಿರುಪು ಬಿಚ್ಚಿದಾಗ, ಕೆಂಪಗಿರಬೇಕಾದ ಗೇರೆಣ್ಣೆ ಮಕ್ಕಳ ಜ್ವರದ ಔಷಧಿಯಂತೆ ಗುಲಾಬಿ ಬಣ್ಣದಲ್ಲಿ, ನೊರೆನೊರೆಯಾಗಿ ಬಾಂಡ್ಲಿಗೆ ಬಿತ್ತು. ಗೇರಪ್ಪ ಬೆರಳಿಗೆ ಹಚ್ಚಿಕೊಂಡು ಉಜ್ಜಿದ.

“ನೀರು ಸೇರಿದೆ. ಎಣ್ಣೆಗೆ ನೀರು ಬೆರೆಸ್ಕೊಳ್ಳೋದು ಮನುಷ್ಯರು ಸಾರ್, ಗಾಡಿಗೆ ಆ ಚಟ ಇಲ್ಲ.”

“ಸಾಧ್ಯವೇ ಇಲ್ಲ,” ಎಂದರು ಮಾವ. “ನಮ್ಮ ಕಾರು ನೀರನ್ನೇ ಕಂಡಿಲ್ಲ. ನಾನು ತೊಳೆಯೋದೂ ಇಲ್ಲ, ಒಣ ಬಟ್ಟೇಲಿ ಒರೆಸ್ತೀನಿ.”

“ಹಾಗಾದ್ರೆ ಎರಡೇ ದಾರಿ. ಈ ಎಣ್ಣೆ ತಣ್ಣಗಾಗೋ ಕೊಳವೆ ರೇಡಿಯೇಟರ್ ಒಳಗಿದೆ, ಅದು ಒಡೆದ್ರೆ ಅಲ್ಲಿನ ನೀರು ಇಲ್ಲಿಗೆ ಬರತ್ತೆ. ಇಲ್ಲಾ ಗಾಡಿ ಆಳದ ನೀರಲ್ಲಿ ನಿಂತಿರ್ಬೇಕು. ಗೇರ್‌ಬಾಕ್ಸ್ ನೆತ್ತೀಲಿ ಉಸಿರಾಡೋಕೆ ಒಂದು ತೂತಿದೆ. ಬಿಸಿ ಮೈ ತಣ್ಣೀರಿಗೆ ಬಿದ್ರೆ ನಾವೇನ್ಮಾಡ್ತೀವಿ? ‘ಹಾಆಆ’ ಅಂತ ಉಸಿರೆಳ್ಕೋತೀವಿ. ಅದೂ ಅಷ್ಟೇ.”

ಮಾವ ಸೊಸೆಯ ಕಡೆ ತಿರುಗಲಿಲ್ಲ. ತಿರುಗದೇ ಇದ್ದದ್ದರಿಂದಲೇ ಅವರಿಗೆ ಗೊತ್ತಿದೆಯೆಂದು ಅವಳಿಗೆ ಗೊತ್ತಾಯಿತು.

ಕಾರು ಮಾವನದು, ಲೈಸೆನ್ಸ್ ಅವಳದು. ತಮ್ಮ ಕಣ್ಣಿಗೆ ಪೊರೆ ಬಂದ ಮೇಲೆ ಅವಳಿಗೆ ಡ್ರೈವಿಂಗ್ ಕಲಿಸಿದವರು ಅವರೇ. ಅಂದಿನಿಂದ ಅವರು ಪಕ್ಕದ ಸೀಟಿನಲ್ಲಿ “ಹಾರನ್”, “ನಿಧಾನ”, “ಆ ಗುಂಡಿ” ಎನ್ನುವುದು, ಅವಳು ಓಡಿಸುವುದು. ಒಬ್ಬಳೇ ಕಾರು ತೆಗೆಯುವ ಮಾತು ಬಂದರೆ ಗಂಡ “ಅಪ್ಪನ್ನ ಕೇಳು” ಎನ್ನುವನು, ಅಪ್ಪ “ಎಲ್ಲಿಗೆ?” ಎನ್ನುವರು. ಅಲ್ಲಿಗೆ ಮಾತು ಪಾರ್ಕಿಂಗಿಗೆ ಬೀಳುತ್ತಿತ್ತು.

ಮಾವ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದ ಮಧ್ಯಾಹ್ನ ಅವಳು ಯಾರನ್ನೂ ಕೇಳದೆ ಕಾರು ತೆಗೆದಳು. ಪಕ್ಕದ ಊರಿನಲ್ಲಿ, ಮಾತು ತಡವಾದ ಮಕ್ಕಳಿಗೆ ಮಾತು ಕಲಿಸುವ ಕೇಂದ್ರವೊಂದರಲ್ಲಿ ಸಂದರ್ಶನವಿತ್ತು. ಮದುವೆಗೆ ಮುಂಚೆ ಅವಳು ಓದಿದ್ದೇ ಅದನ್ನು. ವಾಪಸಾಗುವಾಗ ಜಡಿಮಳೆ. ರೈಲು ಸೇತುವೆಯ ಕೆಳಗೆ ನೀರು ಕಟ್ಟಿತ್ತು, ಮುಂದೊಂದು ಲಾರಿ ಕೆಟ್ಟು ನಿಂತಿತ್ತು, ಹಿಂದೆ ಗಾಡಿಗಳ ಸಾಲು. ಹಿಂದಿನವರು ಸರಿಯುವವರೆಗೆ ಅವಳು ನಡುನೀರಿನಲ್ಲೇ ಇದ್ದಳು. ಕೆಲಸಕ್ಕೆ ಸೇರಲು ಕೇಂದ್ರದವರು ಹೇಳಿದ ಸೋಮವಾರ ನಾಳಿದ್ದೇ. ಮನೆಯಲ್ಲಿ ಇನ್ನೂ ಬಾಯಿ ಬಿಟ್ಟಿರಲಿಲ್ಲ.

ಗೇರ್‌ಬಾಕ್ಸನ್ನು ಮತ್ತೊಮ್ಮೆ ತೊಳೆಯಲು ಹೊಸ ಎಣ್ಣೆಯ ಡಬ್ಬ ತರಲು ಗೇರಪ್ಪ ಹಿಂದಿನ ಕೋಣೆಗೆ ಹೋದ. ಮಾವ ಕಿಟಕಿಯ ಕೆಳಗೆ ಬಂದು ಮೇಲೆ ನೋಡಿ ಏನೋ ಹೇಳಿದರು. ಎಂಜಿನ್ ಸದ್ದಿನಲ್ಲಿ ಕೇಳಿಸಲಿಲ್ಲ.

“ಏನು ಮಾವ?”

ಗುಟ್ಟನ್ನು ಕೂಗಿ ಹೇಳುವಂತಿಲ್ಲ. ಅವರು ಕೀಲಿ ತಿರುಗಿಸುವಂತೆ ಕೈಸನ್ನೆ ಮಾಡಿದರು. ಅವಳು ಎಂಜಿನ್ ಆರಿಸಿದಳು.

“ಆಸ್ಪತ್ರೆಯಿಂದ ಬಂದಾಗಲೇ ನೋಡ್ದೆ, ಕಾಲಡಿ ಮ್ಯಾಟು ನೀನು ಒಗೆದು ಒಣಗಿಸಿದ್ದೆ. ನಾನು ಕೇಳಿದ್ನಾ?”

“ಇಲ್ಲ.”

“ಕೇಳೋದೂ ಇಲ್ಲ. ಅವನಿಗೆ ರೇಡಿಯೇಟರ್ ಬದಲಾಯಿಸು ಅಂತೀನಿ. ಮನೇಲೂ ಅದೇ ಹೇಳೋದು, ರೇಡಿಯೇಟರ್ ಹೋಗಿತ್ತು. ನಿನ್ನ ಯಾರೂ ಒಂದು ಮಾತು ಅನ್ನಲ್ಲ.” ತಡೆದು, ಇನ್ನೂ ಮೆತ್ತಗೆ, “ನೀನೂ ಆ ವಿಷಯ ಅಲ್ಲಿಗೇ ಬಿಟ್ಬಿಡು. ಯಾವ ಊರು, ಯಾವ ಕೆಲಸ, ನಂಗೆ ತಿಳಿಯೋದೇ ಬೇಡ. ಹೊಂದ್ಕೊಂಡು ಹೋಗೋಣ, ಆಯ್ತಾ ಮಗಳೇ?”

ಬೈದಿದ್ದರೆ ಅವಳಿಗೂ ಬಾಯಿ ಬರುತ್ತಿತ್ತು. ‘ಮಗಳೇ’ ಅಂದುಬಿಟ್ಟರು.

ಗೇರಪ್ಪ ಡಬ್ಬ ಹೊತ್ತು ಬಂದಾಗ ಮಾವ ತಮ್ಮ ತೀರ್ಮಾನ ಹೇಳಿದರು. ಅವನು ಡಬ್ಬ ಕೆಳಗಿಟ್ಟ.

“ಸಾರ್, ಆಗಲೇ ಗಾಳಿ ತುಂಬಿ ನೋಡಿದ್ದೀನಿ. ರೇಡಿಯೇಟರ್ ಕಲ್ಲುಗುಂಡು. ಅದರ ನೀರಲ್ಲಿ ಒಂದು ಹನಿ ಎಣ್ಣೆ ಇಲ್ಲ. ಒಳ್ಳೇ ಹಲ್ಲು ಕೀಳು ಅಂತೀರಲ್ಲ!”

“ಕೀಳಪ್ಪ. ಹಲ್ಲು ನಂದು ತಾನೇ?”

“ಕೀಳ್ತೀನಿ, ನಂಗೇನು. ಆದ್ರೆ ಒಂದು ಗೊತ್ತಾಗ್ಬೇಕು. ನೀರು ಸೇರಿದ ತಕ್ಷಣ ಗಾಡಿ ನಡುಗ್ತಾ, ತಡೆದು ನಡುಗ್ತಾ? ಒಳಗೆ ಕ್ಲಚ್ ಪ್ಲೇಟಿಗೆ ಕಾಗದದಂಥ ಪದರ ಅಂಟಿಸಿರ್ತಾರೆ. ನೆನೆದು ಅಂಟು ಬಿಟ್ಟಿದ್ರೆ ಎಷ್ಟು ಸಲ ತೊಳೆದ್ರೂ ನೀರಲ್ಲಿ ಹೋಮ.” ಅವನು ತಲೆಯೆತ್ತಿದ. “ತಾಯಿ, ನೀವಿನ್ನೂ ಸದ್ದೇ ಮಾಡಿಲ್ಲ.”

“ನಾನು ಮಾಡಿದ್ನಲ್ಲ?” ಎಂದರು ಮಾವ.

“ಟ್ರ್ಯಾಕ್ಟರ್ ವಿಷಯ ಬಿಡಿ ಸಾರ್.”

“ಅವಳನ್ನ ಇಳಿಸಪ್ಪ ಮೊದಲು. ಸುಸ್ತಾಗಿದ್ದಾಳೆ.”

ಸೊಸೆ ಕಿಟಕಿಯಿಂದ ಬಗ್ಗಿ ನೋಡಿದಳು. ರೇಡಿಯೇಟರ್ ಬಿಚ್ಚಲು ಮಾವ ಆಗಲೇ ಬೆಂಚಿನ ಮೇಲಿನ ಸಾಮಾನು ಸರಿಸಿ ಜಾಗ ಮಾಡುತ್ತಿದ್ದರು. ಅವಳು ನೆಟ್ಟಗೆ ಕೂತು ಗಂಟಲು ಸರಿಮಾಡಿಕೊಂಡಳು.

“ಮೊದಲಿಂದ ಮಾಡ್ತೀನಿ.”

ಮೊದಲು ಬಂದದ್ದು ಕಾರಿನ ಸದ್ದಲ್ಲ, ನೆಗಡಿ ಹಿಡಿದ ಮೂಗಿನ, ದಪ್ಪ ಹೆಂಗಸೊಬ್ಬಳ ದನಿ: “ಸೋಬವಾರ ಬರ್ತೀರಲ್ಲಬ್ಬಾ? ಖಂಡಿತಾ?” ಆಮೇಲೆ ಅವಳದೇ ದನಿ, ಒಂದು ಚೂರೂ ಬದಲಿಸದೆ: “ಬರ್ತೀನಿ ಮೇಡಂ.”

ಬೆಂಚಿನ ಬಳಿ ಮಾವನ ಕೈ ನಿಂತಿತು.

ಸರ್‌-ಟಪ್, ಸರ್‌-ಟಪ್, ವೈಪರು. ದಬದಬ ಬಾಗಿಲಿಗೆ ಬಡಿಯುವ ನೀರು. “ಅಯ್ಯೋ ಎಳೀರಪ್ಪಾ!” ಲಾರಿಯವನು. ಹಿಂದಿನಿಂದ ಮೂರು ಥರದ ಹಾರನ್ನು. ಆಮೇಲೆ ಕಾಲ ಕೆಳಗೆ, ಗಂಟಲಿನ ತೀರಾ ಆಳದಿಂದ, “ಗಳ, ಗಳ, ಗಳ.” ಅದನ್ನು ಅವಳು ನಿಲ್ಲಿಸಲಿಲ್ಲ; ಉಸಿರು ಮುಗಿಯುವವರೆಗೆ ಮಾಡಿದಳು. ನಂತರ ಮನೆಯ ಗೇಟಿನವರೆಗೂ ನಯವಾದ “ಊಂಂಂ”. ಮರುದಿನ ಆಸ್ಪತ್ರೆಯ ಏರಿನಲ್ಲಿ ಮೊದಲ ನಡುಕ, “ಟ್ರುರುರುರು”, ಅದರ ಮೇಲೊಂದು ಹಾಜರಿ ಕೂಗುವ ಗಂಡುದನಿ: “ನಿಧಾನ, ನಿಧಾನ! ಆ ಗುಂಡಿ!”

ಗೇರಪ್ಪ ಗಹಗಹಿಸಿ ನಕ್ಕ. ನಗುತ್ತಿರುವುದು ತಾನೊಬ್ಬನೇ ಎಂದು ತಿಳಿದು, ಮುಖಕ್ಕೆ ಎಣ್ಣೆಯ ಕೈ ಸವರಿಕೊಂಡ.

“ತಡೆದು ನಡುಗಿದೆ,” ಎಂದ ನೆಲ ನೋಡುತ್ತ. “ಅಂಟು ಇನ್ನೂ ಹಿಡ್ಕೊಂಡಿರ್ಬಹುದು. ಮಾತು ಕೊಡಲ್ಲ. ಇನ್ನೆರಡು ಸಲ ತೊಳೆದು ನೋಡೋಣ. ರೇಡಿಯೇಟರ್…” ವಾಕ್ಯವನ್ನು ಅಲ್ಲಿಗೇ ಬಿಟ್ಟು ಲಿಫ್ಟಿನ ಸನ್ನೆಕೋಲಿನ ಬಳಿ ಹೋಗಿ ನಿಂತ.

ಮಾವ ಬೆಂಚಿನಿಂದ ನಿಧಾನವಾಗಿ ನಡೆದು ಬಂದರು. ಕಪ್ಪು ಕನ್ನಡಕ ತೆಗೆದರು. ಆಪರೇಷನ್ ಆದ ಕಣ್ಣು ಬೆಳಕಿಗೆ ನೀರಾಡಿತು.

“ನೀರು ಎಲ್ಲೀವರೆಗೆ ಬಂದಿತ್ತು?”

ಅವಳು ಕಿಟಕಿಯಿಂದ ಕೈ ಇಳಿಬಿಟ್ಟು, ಬಾಗಿಲ ಹಿಡಿಯ ಕೆಳಗೆ ಅಂಗೈ ಅಡ್ಡ ಇಟ್ಟು ತೋರಿಸಿದಳು. ನೋಡಲು ಮಾವ ಕತ್ತು ಹಿಂದಕ್ಕೆ ಬಾಗಿಸಬೇಕಾಯಿತು. ಆ ಕೈ ಅವರ ತಲೆಗಿಂತ ಒಂದು ಮೊಳ ಮೇಲಿತ್ತು.